ಕೈಯಿಂದ ಕೈಗೆ ಬಂದ ನಿಲಯ: ಮೈಸೂರು ಆಕಾಶವಾಣಿ, 100.6

ಬಾನುಲಿ ನಿಲಯವೊಂದರ ಸೇವೆಯನ್ನು ಅಳೆಯುವುದು ಅಂಗಡಿಯ ಸರಕನ್ನು ತೂಗಿದಷ್ಟು ಸುಲಭವಲ್ಲ. ಕೇಳುಗನು ಅದಕ್ಕೆ ಬೆಲೆ ತೆತ್ತಿರುವುದಿಲ್ಲ. ಪಡೆದದ್ದನ್ನು ಕೈಯಲ್ಲಿ ಹಿಡಿದು ಇನ್ನೊಬ್ಬರಿಗೆ ತೋರಿಸಲೂ ಆಗುವುದಿಲ್ಲ. ಆದರೂ ಮೈಸೂರು ಆಕಾಶವಾಣಿಯನ್ನು ಕುರಿತು ಒಂದು ವಿಮರ್ಶೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. 1935ರಲ್ಲಿ ಒಬ್ಬ ಪ್ರಾಧ್ಯಾಪಕರ ಮನೆಯಲ್ಲಿ ಹುಟ್ಟಿದ ಈ ನಿಲಯವು ನಗರಸಭೆಯ ನೆರವು ಪಡೆದು, ಮೈಸೂರು ಸಂಸ್ಥಾನದ ಸ್ವತ್ತಾಗಿ, ಬಳಿಕ ಕೇಂದ್ರ ಸರ್ಕಾರದ ಇಲಾಖೆಗೆ ಸೇರಿ, ಈಗ ಸ್ವಾಯತ್ತ ಪ್ರಸಾರ ಸಂಸ್ಥೆಯಾದ ಪ್ರಸಾರ ಭಾರತಿಯ ಅಧೀನದಲ್ಲಿದೆ. ಒಡೆತನ ಬದಲಾದಾಗಲೆಲ್ಲ ಕಾರ್ಯಕ್ರಮಗಳ ಸ್ವರೂಪವೂ ಬದಲಾಯಿತು. ಹಾಗೆ ಬದಲಾದ ಪ್ರತಿಸಲವೂ ಊರಿನ ಕೇಳುಗನಿಗೆ ಏನು ದಕ್ಕಿತು, ಏನು ಕೈತಪ್ಪಿತು ಎಂಬ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡು ನಾನು ಈ ಸೇವೆಯನ್ನು ನೋಡುತ್ತೇನೆ. ಇಂದು 100.6 ಮೆಗಾಹರ್ಟ್ಸ್‌ನಲ್ಲಿ ಕೇಳಿಬರುವ ದನಿಯ ಗುಣವನ್ನೂ ಕೊರತೆಯನ್ನೂ ಈ ಹಿನ್ನೆಲೆಯನ್ನು ಬಿಟ್ಟು ಅರ್ಥಮಾಡಿಕೊಳ್ಳಲು ಸಾಧ್ಯವಿಲ್ಲ.

ಮೊದಲ ಒಡೆಯರು ಡಾ. ಎಂ.ವಿ. ಗೋಪಾಲಸ್ವಾಮಿ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು ಲಂಡನ್ನಿನಲ್ಲಿ ಓದಿ ಬಂದವರು. ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು. 1935ರ ಸೆಪ್ಟೆಂಬರ್ 10ರಂದು ಅವರು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಪ್ರಸಾರ ಆರಂಭಿಸಿದರು. ಅವರ ಕೈಯಲ್ಲಿದ್ದದ್ದು 30 ವ್ಯಾಟ್ ಶಕ್ತಿಯ ಒಂದು ಸಣ್ಣ ಟ್ರಾನ್ಸ್‌ಮಿಟರ್; ಆಮೇಲೆ ಅದಕ್ಕಿಂತ ದೊಡ್ಡದಾದ 250 ವ್ಯಾಟ್‌ನ ಯಂತ್ರವನ್ನು ತರಿಸಿಕೊಂಡರು. ಮೊದಲ ದಿನ ಕುವೆಂಪು ಅವರು ಕವಿತೆ ಓದಿದ್ದನ್ನು ಮೈಸೂರಿನವರು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಒಂದು ಮನೆಯ ಕೋಣೆಯೊಳಗೆ ಕವಿ ಕುಳಿತು ಓದುತ್ತಿರುವಾಗ, ಅದೇ ಊರಿನ ಬೇರೆ ಬೇರೆ ಬೀದಿಗಳ ಬೆರಳೆಣಿಕೆಯ ಮನೆಗಳಲ್ಲಿ ಅದನ್ನು ಕೇಳುತ್ತಿದ್ದವರಿಗೆ ಎಂಥ ಅಚ್ಚರಿಯಾಗಿರಬಹುದೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇದನ್ನು ಭಾರತದ ಮೊತ್ತಮೊದಲ ಖಾಸಗಿ ಬಾನುಲಿ ಎಂದು ಹೇಳುವ ರೂಢಿಯಿದೆ. ಅಭಿಮಾನದಿಂದ ಬಂದ ಆ ಮಾತನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಗುತ್ತದೆ. 1923ರಿಂದಲೇ ಮುಂಬಯಿ, ಕಲ್ಕತ್ತಗಳಲ್ಲಿ ರೇಡಿಯೋ ಕ್ಲಬ್ಬುಗಳು ಪ್ರಸಾರ ಮಾಡುತ್ತಿದ್ದವು. 1924ರಲ್ಲಿ ಮದರಾಸಿನ ಕ್ಲಬ್ಬು ಆರಂಭವಾಯಿತು. 1927ರಲ್ಲಿ ಮುಂಬಯಿ ಮತ್ತು ಕಲ್ಕತ್ತಗಳಲ್ಲಿ ನಿಲಯಗಳನ್ನು ತೆರೆದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಕೂಡ ಖಾಸಗಿಯೇ. ಮೂರು ವರ್ಷ ತುಂಬುವುದರೊಳಗೆ ಅದು ನಷ್ಟದಲ್ಲಿ ಮುಳುಗಿದ್ದರಿಂದ 1930ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು. ಮೈಸೂರಿನ ಹೆಚ್ಚಳ ಬೇರೆಡೆ ಇದೆ. ಕಂಪನಿಯಲ್ಲ, ಕ್ಲಬ್ಬಲ್ಲ, ಒಬ್ಬ ಅಧ್ಯಾಪಕ ತನ್ನ ಮನೆಯಲ್ಲಿ, ತನ್ನ ಸಂಪಾದನೆಯ ಹಣದಲ್ಲಿ, ಲಾಭದ ಆಸೆಯಿಲ್ಲದೆ ಊರಿಗಾಗಿ ಒಂದು ನಿಲಯವನ್ನು ವರ್ಷಗಟ್ಟಲೆ ನಡೆಸಿದರು. ಬಂಡವಾಳ ಹೂಡಿದ ಕಂಪನಿಗೆ ದಕ್ಕದ ಬಾಳಿಕೆ ಈ ಮನೆಯ ನಿಲಯಕ್ಕೆ ದಕ್ಕಿತು ಎಂಬುದೇ ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

‘ಆಕಾಶವಾಣಿ’ ಎಂಬ ಹೆಸರು ಬಂದದ್ದೂ ಇಲ್ಲಿಂದಲೇ. ಅದನ್ನು ಇಟ್ಟವರು ಗೋಪಾಲಸ್ವಾಮಿಯವರೆಂದು ಕೆಲವರು ಹೇಳಿದರೆ, ಅವರೊಂದಿಗೆ ನಿಲಯದ ಕೆಲಸದಲ್ಲಿ ಜೊತೆಯಾಗಿದ್ದ ಸಾಹಿತಿ ನಾ. ಕಸ್ತೂರಿಯವರೆಂದು ಹಲವರು ಹೇಳುತ್ತಾರೆ. ಹೆಸರು ಯಾರದ್ದಾದರೂ ಇರಲಿ, ಅದರ ಆಯ್ಕೆಯಲ್ಲಿ ಒಂದು ವಿವೇಕ ಕಾಣುತ್ತದೆ. ಪುರಾಣ, ಯಕ್ಷಗಾನ, ಹರಿಕಥೆಗಳಲ್ಲಿ ಕಂಸನಿಗೆ ಕೇಳಿಸಿದ ಅಶರೀರವಾಣಿಯ ಕಥೆಯನ್ನು ಬಲ್ಲ ಜನರಿಗೆ, ಆಡುವವನ ಮುಖ ಕಾಣದ ಈ ಹೊಸ ಯಂತ್ರವನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. 1936ರ ಜೂನ್‌ನಲ್ಲಿ ಸರ್ಕಾರಿ ಜಾಲಕ್ಕೆ ‘ಆಲ್ ಇಂಡಿಯಾ ರೇಡಿಯೋ’ ಎಂದು ಹೆಸರಾಯಿತು. ಸ್ವಾತಂತ್ರ್ಯ ಬಂದು ಹತ್ತು ವರ್ಷ ಕಳೆಯುವ ಹೊತ್ತಿಗೆ ಆ ಇಡೀ ಜಾಲವೇ ಮೈಸೂರಿನ ಹೆಸರನ್ನು ತನ್ನದಾಗಿಸಿಕೊಂಡಿತು. 2023ರಿಂದೀಚೆಗೆ ಇಂಗ್ಲಿಷ್ ಹೆಸರನ್ನು ಕೈಬಿಟ್ಟು ಎಲ್ಲೆಡೆ ಆಕಾಶವಾಣಿ ಎಂದೇ ಹೇಳಲಾಗುತ್ತಿದೆ. ನಿಲಯವನ್ನು ವಹಿಸಿಕೊಂಡ ದೊಡ್ಡ ಒಡೆಯನು ನಿಲಯದ ಹೆಸರನ್ನು ಅಳಿಸುವ ಬದಲು ತಾನೇ ಆ ಹೆಸರಿಗೆ ಬದಲಾಗುವುದು ಬಾನುಲಿಯ ಚರಿತ್ರೆಯಲ್ಲಿ ಅಪರೂಪ.

ಒಬ್ಬ ವ್ಯಕ್ತಿಯ ಸಂಬಳದ ಮೇಲೆ ನಿಂತ ಸೇವೆ ಬಹಳ ಕಾಲ ನಡೆಯಲಾರದು. ಟ್ರಾನ್ಸ್‌ಮಿಟರಿನ ವಾಲ್ವುಗಳು ಸುಟ್ಟುಹೋದರೆ ಹೊಸದನ್ನು ತರಿಸಬೇಕು, ವಿದ್ಯುತ್ತಿಗೆ ಹಣ ಕಟ್ಟಬೇಕು, ಹಾಡಲು ಬಂದವರಿಗೆ ಗೌರವಧನವನ್ನಾದರೂ ಕೊಡಬೇಕು. ನಗರಸಭೆಯ ನೆರವು ಬಂದರೂ ಅದು ಸಾಲದೆ, ಕೊನೆಗೆ 1942ರ ಆರಂಭದಲ್ಲಿ ಮೈಸೂರು ಸಂಸ್ಥಾನವು ನಿಲಯವನ್ನು ವಹಿಸಿಕೊಂಡಿತು. ಮದರಾಸಿನಲ್ಲೂ ಹೆಚ್ಚು ಕಡಿಮೆ ಇದೇ ದಾರಿ: ಕ್ಲಬ್ಬಿನ ಹಣ ಮುಗಿದು ಪ್ರಸಾರ ನಿಂತಾಗ ಅಲ್ಲಿನ ನಗರಪಾಲಿಕೆ 1930ರಿಂದ 1938ರವರೆಗೆ ಅದನ್ನು ನಡೆಸಿ, ಬಳಿಕ ಸರ್ಕಾರಿ ಜಾಲಕ್ಕೆ ಒಪ್ಪಿಸಿತು. ಊರಿನ ಆಡಳಿತಗಳು ರಸ್ತೆ, ನೀರು, ದೀಪಗಳ ಸಾಲಿನಲ್ಲಿ ಬಾನುಲಿಯನ್ನೂ ತಮ್ಮ ಹೊಣೆಯೆಂದು ಎಣಿಸಿದ ಆ ಕಾಲದ ಬಗ್ಗೆ ನನಗೆ ಬಹಳ ಗೌರವವಿದೆ. ಅಂಥ ಕಲ್ಪನೆ ಆಮೇಲೆ ಎಲ್ಲಿಯೂ ಬಲವಾಗಿ ಮರಳಿ ಬರಲಿಲ್ಲ.

ಸಂಸ್ಥಾನದ ಒಡೆತನದಲ್ಲಿ ನಿಲಯಕ್ಕೆ ದಕ್ಕಿದ್ದು ಸ್ಥಿರತೆ ಮತ್ತು ಸಂಗೀತ. ಜಯಚಾಮರಾಜೇಂದ್ರ ಒಡೆಯರು ಸ್ವತಃ ವಾಗ್ಗೇಯಕಾರರು. ಅರಮನೆಯ ಆಶ್ರಯದಲ್ಲಿ ವೈಣಿಕರೂ ಗಾಯಕರೂ ಇದ್ದ ಊರಿನ ಬಾನುಲಿಗೆ ಕಲಾವಿದರನ್ನು ದೂರದಿಂದ ಕರೆಸುವ ಅಗತ್ಯವಿರಲಿಲ್ಲ. 1947ರಲ್ಲಿ ದೇಶ ಸ್ವತಂತ್ರವಾದಾಗ ಭಾರತದ ಪಾಲಿಗೆ ಬಂದ ಸರ್ಕಾರಿ ನಿಲಯಗಳು ಆರು: ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸು, ಲಖನೌ, ತಿರುಚಿನಾಪಳ್ಳಿ. ಇವುಗಳಲ್ಲದೆ ದೇಶೀ ಸಂಸ್ಥಾನಗಳು ನಡೆಸುತ್ತಿದ್ದ ಐದು ನಿಲಯಗಳಿದ್ದವು. ಮೈಸೂರು, ತಿರುವನಂತಪುರ, ಹೈದರಾಬಾದ್, ಔರಂಗಾಬಾದ್ ಮತ್ತು ಬರೋಡ. ಕನ್ನಡದ ನೆಲದ ನಡುವೆ ನಿಂತು ಕನ್ನಡದಲ್ಲಿ ಮಾತಾಡುತ್ತಿದ್ದ ನಿಲಯ ಈ ಹನ್ನೊಂದರಲ್ಲಿ ಇದೊಂದೇ ಎಂಬುದನ್ನು ಗಮನಿಸಿದರೆ, ಆ ಸಣ್ಣ ಮನೆಯಿಂದ ಹೊರಟ ದನಿಯ ಬೆಲೆ ತಿಳಿಯುತ್ತದೆ. ಧಾರವಾಡದ ನಿಲಯ ಆರಂಭವಾದದ್ದು 1950ರ ಜನವರಿಯಲ್ಲಿ.

ಅದೇ 1950ರ ಏಪ್ರಿಲ್ 1ರಂದು ಮೈಸೂರು ನಿಲಯ ಕೇಂದ್ರ ಸರ್ಕಾರದ ಜಾಲಕ್ಕೆ ಸೇರಿತು. ಸಂಸ್ಥಾನಗಳ ಹಣಕಾಸು ಕೇಂದ್ರದೊಂದಿಗೆ ವಿಲೀನವಾದಾಗ ಅಂಚೆ, ರೈಲುಗಳಂತೆ ಬಾನುಲಿಯೂ ಹೋಯಿತು. ಇಲ್ಲಿಂದ ಮುಂದೆ ನಿಲಯದ ಬಗೆಗಿನ ತೀರ್ಮಾನಗಳು ಊರಿನ ಹೊರಗೆ ಆಗತೊಡಗಿದವು. ಅವುಗಳಲ್ಲಿ ಎಲ್ಲಕ್ಕಿಂತ ಕಟುವಾದದ್ದು 1955ರಲ್ಲಿ ಬಂತು. ಆ ವರ್ಷದ ನವೆಂಬರ್ 2ರಂದು ಬೆಂಗಳೂರು ನಿಲಯ ಉದ್ಘಾಟನೆಯಾಯಿತು, ಮೈಸೂರಿನದು ಅಲ್ಲಿಗೆ ಸ್ಥಳಾಂತರಗೊಂಡಿತು. ರಾಜಧಾನಿಯಲ್ಲಿ ದೊಡ್ಡ ನಿಲಯ ಬೇಕೆಂಬ ಆಡಳಿತದ ಲೆಕ್ಕ ತಪ್ಪಲ್ಲ. ಶಕ್ತಿಶಾಲಿ ಮಧ್ಯಮ ತರಂಗದ ಪ್ರಸಾರ ನಾಡಿನ ಮೂಲೆ ಮೂಲೆಯನ್ನು ಮುಟ್ಟಬೇಕಿತ್ತು. ಆದರೆ ಹೆಸರು ಕೊಟ್ಟ ಊರಿನಿಂದಲೇ ನಿಲಯವನ್ನು ಪೂರ್ತಿಯಾಗಿ ಕಿತ್ತು ಒಯ್ಯುವ ಅಗತ್ಯವಿತ್ತೇ ಎಂಬ ಪ್ರಶ್ನೆಗೆ ನನ್ನ ಉತ್ತರ ಇರಲಿಲ್ಲವೆಂದೇ. ಎರಡು ದಶಕಗಳ ಕಾಲ ಊರಿನ ಕಲಾವಿದರು, ಅಧ್ಯಾಪಕರು, ಬರಹಗಾರರು ನಡೆದುಕೊಂಡು ಹೋಗಿ ಮೈಕಿನ ಮುಂದೆ ಕುಳಿತು ಬರುವಷ್ಟು ಹತ್ತಿರವಿದ್ದ ಒಂದು ಸ್ಥಳ ಹಾಗೆ ಇಲ್ಲವಾಯಿತು.

ಒಡೆತನದೊಂದಿಗೆ ಅಭಿರುಚಿಯ ನಿಯಮಗಳೂ ಬಂದವು. ಸರ್ಕಾರಿ ಜಾಲದಲ್ಲಿ 1940ರಿಂದಲೇ ಹಾರ್ಮೋನಿಯಂಗೆ ನಿಷೇಧವಿತ್ತು. ಅದು ಪರದೇಶದ ವಾದ್ಯ, ಅದರ ಬಿಗಿದ ಸ್ವರಗಳು ನಮ್ಮ ಗಮಕಗಳಿಗೆ ಒಗ್ಗುವುದಿಲ್ಲ ಎಂಬುದು ಕಾರಣ. ನಿಷೇಧ ಸಡಿಲವಾಗತೊಡಗಿದ್ದು 1971ರ ಬಳಿಕ. ಶಾಸ್ತ್ರದ ದೃಷ್ಟಿಯಿಂದ ಆ ವಾದದಲ್ಲಿ ಹುರುಳಿದ್ದರೂ, ಕನ್ನಡದ ಕೇಳುಗನಿಗೆ ಅದರಿಂದ ಆದ ನಷ್ಟ ಸಣ್ಣದಲ್ಲ. ಕಂಪನಿ ನಾಟಕದ ರಂಗಗೀತೆ ಎಂದರೆ ಹಾರ್ಮೋನಿಯಂ ಪೆಟ್ಟಿಗೆಯ ದನಿ. ಕಾಲು ಪೆಟ್ಟಿಗೆಯ ಮಾಸ್ತರರು ಸ್ವರ ಹಿಡಿದರಲ್ಲದೆ ನಟನ ಕಂದಪದ್ಯ ಏರುತ್ತಿರಲಿಲ್ಲ. ನಾಟಕ ಕಂಪನಿಗಳು ಊರೂರು ತಿರುಗಿ ಜೀವಂತವಾಗಿದ್ದ ದಶಕಗಳಲ್ಲೇ ಅವುಗಳ ಮುಖ್ಯ ವಾದ್ಯವನ್ನು ಪ್ರಸಾರಮಂದಿರದ ಹೊರಗೆ ನಿಲ್ಲಿಸಲಾಗಿತ್ತು.

1952ರಲ್ಲಿ ಬಿ.ವಿ. ಕೇಸ್ಕರ್ ಅವರು ವಾರ್ತಾ ಮತ್ತು ಪ್ರಸಾರ ಸಚಿವರಾದ ಮೇಲೆ ಚಿತ್ರಗೀತೆಗಳ ಸರದಿ ಬಂತು. ಅವುಗಳ ಪಾಲನ್ನು ಕುಗ್ಗಿಸಿದ್ದರಿಂದ ನಿರ್ಮಾಪಕರೊಂದಿಗೆ ಜಗಳವಾಗಿ, ಹಾಡುಗಳೇ ಪ್ರಸಾರದಿಂದ ಮರೆಯಾದವು. ಕೇಳುಗರು ಸಂಜೆಯಾದೊಡನೆ ಮುಳ್ಳು ತಿರುಗಿಸಿ ಲಘು ತರಂಗದಲ್ಲಿ ರೇಡಿಯೋ ಸಿಲೋನ್ ಹುಡುಕಿಕೊಂಡರು. ಅಲ್ಲಿನ ನಿರೂಪಕ ಅಮೀನ್ ಸಯಾನಿಯವರ ದನಿ ಮನೆಮಾತಾದದ್ದು ಹಾಗೆ. ಸರ್ಕಾರ ಪಾಠ ಕಲಿತು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಆರಂಭಿಸಿತು, 1967ರಿಂದ ಅದಕ್ಕೆ ಜಾಹೀರಾತುಗಳನ್ನೂ ಸೇರಿಸಿತು. ಕೇಸ್ಕರ್ ಅವರನ್ನು ಕೇವಲ ಹಾಡಿನ ವೈರಿಯೆಂದು ಬೈಯುವವರ ಸಾಲಿನಲ್ಲಿ ನಾನಿಲ್ಲ. ಅರಮನೆಗಳ ಆಶ್ರಯ ತಪ್ಪಿದ ಮೇಲೆ ಶಾಸ್ತ್ರೀಯ ಸಂಗೀತಗಾರರ ಮನೆಯ ಒಲೆ ಉರಿದದ್ದರಲ್ಲಿ ಬಾನುಲಿಯ ಪಾಲು ದೊಡ್ಡದು. ಧ್ವನಿಪರೀಕ್ಷೆ, ಶ್ರೇಣಿ, ನಿಲಯದ ಕಲಾವಿದರ ಹುದ್ದೆ, ಇವುಗಳಿಂದಾಗಿಯೇ ಎಷ್ಟೋ ಮಂದಿ ವಿದ್ವಾಂಸರಿಗೆ ತಿಂಗಳ ಸಂಬಳವೆಂಬುದು ದಕ್ಕಿತು. ಮೈಸೂರಿನಂಥ ಊರಿಗೆ ಇದರ ಅರ್ಥ ಬೇರೆಯವರಿಗಿಂತ ಚೆನ್ನಾಗಿ ಗೊತ್ತು. ತಪ್ಪಾದದ್ದು, ಒಂದನ್ನು ಬೆಳೆಸಲು ಇನ್ನೊಂದನ್ನು ಮುಚ್ಚಬೇಕೆಂದು ಭಾವಿಸಿದ್ದರಲ್ಲಿ.

1970ರ ದಶಕದಲ್ಲಿ ಮೈಸೂರಿಗೆ ನಿಲಯ ಮರಳಿತು. ಯಾದವಗಿರಿಯ ಆವರಣದಿಂದ ಇಂದು ಎಫ್.ಎಂ. ಪ್ರಸಾರ ನಡೆಯುತ್ತಿದೆ. 1997ರ ನವೆಂಬರ್‌ನಲ್ಲಿ ಪ್ರಸಾರ ಭಾರತಿ ಸ್ಥಾಪನೆಯಾದಾಗ ಕಾಗದದ ಮೇಲೆ ಒಡೆತನ ಮತ್ತೊಮ್ಮೆ ಬದಲಾಯಿತು. ಕೇಳುಗನಾಗಿ ಆ ಬದಲಾವಣೆಯ ಗುರುತು ನನ್ನ ಕಿವಿಗೆ ಹೆಚ್ಚೇನೂ ಬೀಳಲಿಲ್ಲ.

ಈ ನಿಲಯವನ್ನು ಬೇರೆ ಯಾವುದರೊಂದಿಗಾದರೂ ಹೋಲಿಸಿ ನೋಡದೆ ವಿಮರ್ಶೆ ಪೂರ್ಣವಾಗದು. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಸಾರ ತರಂಗಗಳು ಸಾರ್ವಜನಿಕರ ಸ್ವತ್ತೆಂದು ಹೇಳಿದ ಮೇಲೆ ಖಾಸಗಿಯವರಿಗೆ ಬಾಗಿಲು ತೆರೆಯಿತು. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ವಾಹಿನಿ ಬೆಂಗಳೂರಿನಲ್ಲಿ ಕೇಳಿಸಿತು. ಮೊದಲ ಹಂತದಲ್ಲಿ ಪರವಾನಗಿ ಶುಲ್ಕ ವರ್ಷ ವರ್ಷವೂ ಏರುತ್ತಿದ್ದುದರಿಂದ ಹಲವರು ಕೈಸುಟ್ಟುಕೊಂಡರು. ಎರಡನೆಯ ಹಂತದ 2005ರ ನೀತಿ ಆದಾಯದ ಶೇಕಡಾ 4ರ ಪಾಲಿನ ಲೆಕ್ಕವನ್ನು ತಂದಾಗ ವಾಹಿನಿಗಳು ಸಣ್ಣ ನಗರಗಳಿಗೂ ಹಬ್ಬಿದವು. ಅಂಥದೊಂದು ವಾಹಿನಿಯನ್ನು ನಾನು ಕೆಲವು ವರ್ಷ ಬಹಳ ಪ್ರೀತಿಯಿಂದ ಕೇಳಿದ್ದೇನೆ. ಆರಂಭದಲ್ಲಿ ಅದರ ನಿರೂಪಕರು ಊರಿನವರೇ. ಯಾವ ವೃತ್ತದಲ್ಲಿ ವಾಹನಗಳು ನಿಂತಿವೆ, ಯಾವ ಕಾಲೇಜಿನ ಫಲಿತಾಂಶ ಬಂತು, ಯಾರ ಹಸು ಕಳೆದಿದೆ ಎಂಬುದು ಕೂಡ ಹಾಡುಗಳ ನಡುವೆ ಬರುತ್ತಿತ್ತು. ಆಡಳಿತ ಬೇರೆಯವರ ಕೈಗೆ ಹೋದ ಮೇಲೆ ಒಂದು ಸೋಮವಾರ ಆ ಪರಿಚಿತ ದನಿಗಳು ಬರಲಿಲ್ಲ. ಯಾವ ವಿದಾಯವೂ ಇರಲಿಲ್ಲ. ಬೇರೊಂದು ನಗರದಲ್ಲಿ ಕುಳಿತವರು ನಮ್ಮ ಊರಿನ ಹೆಸರನ್ನು ತಪ್ಪಾಗಿ ಉಚ್ಚರಿಸುತ್ತ, ನಾಲ್ಕಾರು ಊರುಗಳಿಗೆ ಒಟ್ಟಿಗೆ ಹೊಂದುವ ಮಾತುಗಳನ್ನು ಆಡುತ್ತಿದ್ದರು. ಹಾಡುಗಳು ಗಂಟೆ ಗಂಟೆಗೆ ಸುತ್ತಿ ಬರುತ್ತಿದ್ದವು. ನಾನು ಕಾಗದ ಬರೆದೆ, ಉತ್ತರ ಬರಲಿಲ್ಲ.

ಇದು ಆ ಒಂದು ವಾಹಿನಿಯ ದೋಷ ಮಾತ್ರವಲ್ಲವೆಂದು ಆಮೇಲೆ ತಿಳಿಯಿತು. ಮೂರನೆಯ ಹಂತದ ನೀತಿಯು ಒಬ್ಬ ಮಾಲೀಕನು ತನ್ನ ಎಲ್ಲ ವಾಹಿನಿಗಳಲ್ಲೂ ಒಂದೇ ಕಾರ್ಯಕ್ರಮವನ್ನು ಪ್ರಸಾರ ಮಾಡಲು ಅವಕಾಶ ಕೊಟ್ಟಿದೆ. ಸಣ್ಣ ಊರಿನ ಜಾಹೀರಾತಿನ ಆದಾಯದಲ್ಲಿ ನಾಲ್ವರು ನಿರೂಪಕರ ಸಂಬಳ ಹುಟ್ಟುವುದಿಲ್ಲ ಎಂಬ ಲೆಕ್ಕ ಬಂದ ದಿನ, ಒಡೆಯನು ಮೊದಲು ಕೈಬಿಡುವುದು ಊರಿನ ದನಿಯನ್ನು. ಖಾಸಗಿ ಎಫ್.ಎಂ. ವಾಹಿನಿಗಳಿಗೆ ಸ್ವಂತ ಸುದ್ದಿ ಪ್ರಸಾರದ ಅನುಮತಿಯೂ ಇಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದಂತೆ ಮರುಪ್ರಸಾರ ಮಾಡಬಹುದಷ್ಟೆ. ಸುದ್ದಿಯೂ ಇಲ್ಲ, ಊರಿನವರೂ ಇಲ್ಲ ಎಂದ ಮೇಲೆ ಉಳಿಯುವುದು ಹಾಡು; ಅದು ಈಗ ಎಲ್ಲರ ಮೊಬೈಲಿನಲ್ಲೂ ಇದೆ.

ಗೋಪಾಲಸ್ವಾಮಿಯವರ ಪ್ರಯೋಗದ ನಿಜವಾದ ವಾರಸುದಾರರು ಬೇರೆ ಕಡೆ ಇದ್ದಾರೆಂದು ನನಗನಿಸುತ್ತದೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2003ರ ಸುಮಾರಿಗೆ ಗ್ರಾಮಸ್ಥರು ‘ನಮ್ಮ ಧ್ವನಿ’ಯನ್ನು ಆರಂಭಿಸಿದಾಗ, ಗಾಳಿಯಲ್ಲಿ ಪ್ರಸಾರ ಮಾಡಲು ಅವರಿಗೆ ಅನುಮತಿ ಇರಲಿಲ್ಲ, ಆದ್ದರಿಂದ ಟಿ.ವಿ.ಯ ಕೇಬಲ್ ತಂತಿಯ ಮೂಲಕ ದನಿಯನ್ನು ಮನೆಮನೆಗೆ ಮುಟ್ಟಿಸಿದರು. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಅನುಮತಿ ದೊರೆಯಿತು. ಅವುಗಳಿಗೆ ವಿಧಿಸಿರುವ ಪ್ರಸಾರ ಶಕ್ತಿಯ ಮಿತಿ 100 ವ್ಯಾಟ್. 1935ರಲ್ಲಿ 30 ವ್ಯಾಟ್‌ನಿಂದ ಒಬ್ಬ ಅಧ್ಯಾಪಕರು ಮಾಡಿದ್ದನ್ನು ಇನ್ನೊಂದು ಊರಿನ ಅಧ್ಯಾಪಕರು ಮಾಡಬೇಕಾದರೆ ಸುಮಾರು ಏಳು ದಶಕ ಕಾಯಬೇಕಾಯಿತು.

ಇನ್ನು ಇಂದಿನ ಸೇವೆಯ ಮಾತು. ಮೈಸೂರು ಆಕಾಶವಾಣಿಯ ಬಹುದೊಡ್ಡ ಗುಣ ಅದರ ಭಾಷೆ. ಉದ್ಘೋಷಕರು ಕೂಗುವುದಿಲ್ಲ, ಅವಸರಪಡುವುದಿಲ್ಲ. ಮಹಾಪ್ರಾಣಗಳು ಇರಬೇಕಾದಲ್ಲಿ ಇರುತ್ತವೆ, ವಾಕ್ಯಗಳು ಕ್ರಿಯಾಪದದವರೆಗೆ ಬಂದು ನಿಲ್ಲುತ್ತವೆ. ಕೃತಿಯೊಂದನ್ನು ಪ್ರಸಾರ ಮಾಡುವ ಮೊದಲು ರಾಗ, ತಾಳ, ವಾಗ್ಗೇಯಕಾರ, ಪಕ್ಕವಾದ್ಯದವರ ಹೆಸರುಗಳನ್ನು ಹೇಳುವ ಕ್ರಮ ಇನ್ನೂ ಉಳಿದಿದೆ. ಪಿಟೀಲು ನುಡಿಸಿದವರ ಹೆಸರನ್ನು ಹಾಡುಗಾರರಷ್ಟೇ ಗೌರವದಿಂದ ಕೇಳಿಸುವ ಮಾಧ್ಯಮ ಇಂದು ಬೇರೆ ಯಾವುದಿದೆ? ರೈತರ ಕಾರ್ಯಕ್ರಮ, ಬಾನುಲಿ ನಾಟಕ, ಸುಗಮ ಸಂಗೀತ, ಚಿತ್ರಗೀತೆ, ವಾರ್ತೆ ಎಲ್ಲವೂ ಒಂದೇ ತರಂಗದಲ್ಲಿ ಬರುವ ಈ ಹಳೆಯ ಮಾದರಿಯನ್ನು ಗೊಂದಲವೆನ್ನುವವರಿದ್ದಾರೆ. ಒಂದೇ ಬಗೆಯ ಹಾಡನ್ನು ಇಡೀ ದಿನ ಬಯಸುವವರಿಗೆ ಅದು ಗೊಂದಲವೇ ಸರಿ. ಆದರೆ ಭತ್ತದ ಕೀಟಬಾಧೆಯ ಮಾತನ್ನು ಕೇಳುತ್ತ ಕುಳಿತವನ ಕಿವಿಗೆ, ತಾನು ಹುಡುಕದೆಯೇ, ಮುಂದಿನ ಹದಿನೈದು ನಿಮಿಷ ವೀಣೆ ಬೀಳುವುದು ಈ ಕ್ರಮದಲ್ಲಿ ಮಾತ್ರ ಸಾಧ್ಯ. ನನಗೆ ರಾಗಗಳ ಪರಿಚಯವಾದದ್ದು ಹಾಗೆಯೇ. ಯಾರೂ ಕಲಿಸಲಿಲ್ಲ, ಮುಂದಿನ ಕಾರ್ಯಕ್ರಮಕ್ಕಾಗಿ ಕಾಯುತ್ತಿದ್ದಾಗ ಅವು ಬಂದವು.

ಧ್ವನಿಯ ಸ್ಪಷ್ಟತೆಯ ಬಗ್ಗೆ ಹೇಳುವುದಾದರೆ, ಎಫ್.ಎಂ. ತರಂಗವು ಕಣ್ಣಿಗೆ ಕಾಣುವಷ್ಟು ದೂರ ನೇರವಾಗಿ ಸಾಗುವಂಥದು. ಊರಿನ ಸುತ್ತ ತಿಳಿಯಾಗಿ ಕೇಳಿಸುವ ದನಿ ದೂರದ ತಗ್ಗುಗಳಲ್ಲಿ, ಗುಡ್ಡದ ಮರೆಯಲ್ಲಿ ಕ್ಷೀಣಿಸುವುದು ಅದರ ಸಹಜ ಮಿತಿ. ಮಧ್ಯಮ ತರಂಗದಂತೆ ರಾತ್ರಿ ಹೊತ್ತು ನೂರಾರು ಮೈಲಿ ಸಾಗುವ ಗುಣ ಅದಕ್ಕಿಲ್ಲ. ಆ ಕೊರತೆಯನ್ನು ‘ನ್ಯೂಸ್ ಆನ್ ಏರ್’ ಆ್ಯಪ್ ತುಂಬುತ್ತದೆ. ಊರು ಬಿಟ್ಟು ಹೋದವರಿಗೆ ಅದೊಂದು ದೊಡ್ಡ ಉಪಕಾರ. ಒಂದು ಎಚ್ಚರಿಕೆ ಮಾತ್ರ ಬೇಕು. ಅಂತರಜಾಲದಲ್ಲಿ ಬರುವ ಪ್ರಸಾರ ಸೆಟ್ಟಿನಲ್ಲಿ ಬರುವುದಕ್ಕಿಂತ ಹಲವು ಸೆಕೆಂಡುಗಳಷ್ಟು ತಡವಾಗಿರುತ್ತದೆ. ವಾರ್ತೆಯ ಮುಂಚಿನ ಸಮಯಸೂಚಕ ದನಿಯನ್ನು ಕೇಳಿ ಗಡಿಯಾರ ಸರಿಪಡಿಸಿಕೊಳ್ಳುವ ಅಭ್ಯಾಸವುಳ್ಳವರು ಅದಕ್ಕೆ ಸೆಟ್ಟನ್ನೇ ನಂಬಬೇಕು.

ಕೊರತೆಗಳಿವೆ, ಅವು ಬಹುಮಟ್ಟಿಗೆ ಒಡೆತನದ ದೂರದಿಂದ ಬಂದವು. ಪ್ರದೇಶ ಸಮಾಚಾರ ರಾಜಧಾನಿಯಿಂದ, ರಾಷ್ಟ್ರದ ವಾರ್ತೆ ದೆಹಲಿಯಿಂದ ಮರುಪ್ರಸಾರವಾಗುವುದು ಸರಿಯೇ; ಆದರೆ ಹೀಗೆ ಬೇರೆಡೆಯಿಂದ ಬರುವ ಗಂಟೆಗಳು ಹೆಚ್ಚಿದಂತೆಲ್ಲ ಊರಿನ ಗಂಟೆಗಳು ಕುಗ್ಗುತ್ತವೆ. ಖಾಸಗಿ ವಾಹಿನಿ ಖರ್ಚು ಉಳಿಸಲು ಮಾಡಿದ್ದನ್ನು ಸಾರ್ವಜನಿಕ ಸೇವೆ ಆಡಳಿತದ ಅನುಕೂಲಕ್ಕಾಗಿ ಮಾಡಿದರೆ ಕೇಳುಗನಿಗೆ ಎರಡೂ ಒಂದೇ. ಇನ್ನೊಂದು ಕೊರತೆ, ಹಳೆಯ ಧ್ವನಿಮುದ್ರಿಕೆಗಳದು. ಸಾಹಿತಿಗಳ ಸಂದರ್ಶನ, ವಿದ್ವಾಂಸರ ಕಛೇರಿ, ಬಾನುಲಿ ನಾಟಕಗಳು ಕೇಳುಗನು ತನಗೆ ಬೇಕಾದಾಗ ಹುಡುಕಿ ಕೇಳುವಂತೆ, ಹೆಸರು ಮತ್ತು ದಿನಾಂಕ ಸಮೇತ ವರ್ಗೀಕರಣಗೊಂಡು ದೊರೆಯಬೇಕು. ಬಾನುಲಿಯ ಆರಂಭದ ದಿನಗಳಲ್ಲಿ ಧ್ವನಿಮುದ್ರಣ ಸುಲಭವಿರಲಿಲ್ಲವಾದ್ದರಿಂದ ಕಳೆದುಹೋದದ್ದಕ್ಕೆ ಯಾರನ್ನೂ ದೂರುವಂತಿಲ್ಲ. ಟೇಪು ಬಂದ ಮೇಲಿನದಕ್ಕೆ ಆ ಸಮಾಧಾನ ಇಲ್ಲ.

ಕೊನೆಯದಾಗಿ, ಹೊಸದಾಗಿ ಕೇಳಬಯಸುವವರಿಗೆ. ಮೊಬೈಲಿನಲ್ಲಿ ಕೇಳುವುದಕ್ಕಿಂತ ಒಂದು ಸಣ್ಣ ಟ್ರಾನ್ಸಿಸ್ಟರ್ ಸೆಟ್ಟನ್ನು ಕಿಟಕಿಯ ಬಳಿ ಇಟ್ಟು, ಕಡ್ಡಿಯನ್ನು ಪೂರ್ತಿ ಎಳೆದು, ಬೆಳಗಿನ ಪ್ರಸಾರ ಆರಂಭವಾಗುವ ಹೊತ್ತಿಗೆ ಹಾಕಿ ನೋಡಿ. ಮೊದಲು ಸಂಕೇತ ಧ್ವನಿ. 1936ರ ಸುಮಾರಿಗೆ ಮುಂಬಯಿ ನಿಲಯದಲ್ಲಿದ್ದ ವಾಲ್ಟರ್ ಕೌಫ್‌ಮನ್ ಸಂಯೋಜಿಸಿದ ಆ ಪಿಟೀಲು, ತಂಬೂರಿಯ ಸ್ವರಗಳು. ಆಮೇಲೆ ವಂದೇ ಮಾತರಂ, ಮಂಗಳಧ್ವನಿ. ಅದಾದ ಮೇಲೆ ಒಬ್ಬರು ಶಾಂತವಾದ ಕನ್ನಡದಲ್ಲಿ ನಿಲಯದ ಹೆಸರನ್ನು ಹೇಳುತ್ತಾರೆ: ‘ಆಕಾಶವಾಣಿ, ಮೈಸೂರು.’